ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ: ನೀರಿನ ಹಾದಿಗಳು ಮತ್ತು ಜನಜೀವನ

ತುಮಕೂರು ಜಿಲ್ಲೆಯ ಉತ್ತರ ಮತ್ತು ಈಶಾನ್ಯ ಭಾಗದ ಈ ನಾಲ್ಕು ತಾಲ್ಲೂಕುಗಳಲ್ಲಿ ವರ್ಷವಿಡೀ ದೋಣಿ ನಡೆಸಬಹುದಾದ ಹೊಳೆ ಒಂದೂ ಇಲ್ಲ. ವರ್ಷಕ್ಕೆ ಹೆಚ್ಚುಕಡಿಮೆ 500ರಿಂದ 700 ಮಿಲಿಮೀಟರ್ ಮಳೆ ಕಾಣುವ ಬಯಲುಸೀಮೆ ಇದು. ಪಾವಗಡದ ಕಡೆ ಹೋದಂತೆ ಅದೂ ಕಡಿಮೆಯಾಗುತ್ತದೆ. ಆದರೂ ಇಲ್ಲಿನ ಊರುಗಳು ಕುಳಿತಿರುವುದು ನೀರಿನ ಹಾದಿಗುಂಟವೇ. ಹಳ್ಳ, ಕೆರೆ, ಕೋಡಿ, ತೂಬು, ಕಾಲುವೆ, ಎತ್ತು ಹೂಡಿ ನೀರೆತ್ತುವ ಕಪಿಲೆ ಬಾವಿ, ನೆಲದಿಂದ ಒಸರುವ ಊಟೆಯ ನೀರನ್ನು ಹೊಲಕ್ಕೆ ಹರಿಸುವ ತಲಪರಿಗೆ ಇವೆಲ್ಲ ಒಂದಕ್ಕೊಂದು ಹೆಣೆದುಕೊಂಡಿವೆ. ನೀರಿನ ಮೇಲೆ ಸಾಗುವ ವಿದ್ಯೆ ಇಲ್ಲಿ ಹೆಚ್ಚು ಬೆಳೆಯಲಿಲ್ಲ. ನೀರನ್ನು ಸಾಗಿಸುವ, ಹಂಚುವ, ಕಾಯುವ ವಿದ್ಯೆ ಮಾತ್ರ ಬಹಳ ಎತ್ತರಕ್ಕೆ ಬೆಳೆಯಿತು. ತೆಪ್ಪವೂ ಹರಿಗೋಲೂ ಕೆರೆ ತುಂಬಿದ ವರ್ಷಗಳಲ್ಲಿ ಕಾಣಿಸಿಕೊಂಡು, ಕೆರೆ ಬತ್ತಿದಾಗ ಮರೆಯಾಗುತ್ತವೆ.

ಮೈಸೂರು ಸಂಸ್ಥಾನದ ಗೆಜೆಟಿಯರ್ ಸಿದ್ಧಪಡಿಸಿದ ಬಿ.ಎಲ್. ರೈಸ್ ಅವರು, ಬಂಡೆಗಳಿಂದ ತುಂಬಿದ ಇಲ್ಲವೇ ಆಳವಿಲ್ಲದ ಪಾತ್ರಗಳ ಕಾರಣ ಮೈಸೂರಿನ ಯಾವ ನದಿಯೂ ನೌಕಾಯಾನಕ್ಕೆ ಒದಗದು ಎಂದು 1897ರ ಪರಿಷ್ಕೃತ ಆವೃತ್ತಿಯಲ್ಲಿ ದಾಖಲಿಸಿದ್ದಾರೆ. ತುಂಗಾ, ಭದ್ರಾ, ಕಬಿನಿಯಲ್ಲಿ ಮರದ ದಿಮ್ಮಿಗಳನ್ನು ತೇಲಿಬಿಡುತ್ತಿದ್ದರು. ದೊಡ್ಡ ನದಿಗಳ ಕಡವುಗಳಲ್ಲಿ ಹರಿಗೋಲು, ತೆಪ್ಪ, ಎರಡು ದೋಣಿಗಳನ್ನು ಜೋಡಿಸಿ ಕಟ್ಟಿದ ಸಂಗಡ ಇದ್ದವು. ಅದೇ ಗೆಜೆಟಿಯರ್ ಈ ಸೀಮೆಗೆ ಬಂದಾಗ ಕಡವುಗಳನ್ನು ಬಿಟ್ಟು ತಲಪರಿಗೆಗಳ ಮಾತೆತ್ತುತ್ತದೆ. ಇಲ್ಲಿನ ಜಲಜೀವನದ ತಿರುಳು ಅಲ್ಲೇ ಇದೆ.

ಹೊಳೆಗಳು

ನಾಲ್ಕು ತಾಲ್ಲೂಕುಗಳ ನೀರು ಒಂದೇ ದಿಕ್ಕಿಗೆ ಹರಿಯುವುದಿಲ್ಲ. ದೇವರಾಯನದುರ್ಗದ ಬೆಟ್ಟದಲ್ಲಿ ಶಿಂಷಾ ಮತ್ತು ಜಯಮಂಗಲಿ ಎರಡೂ ಹುಟ್ಟುತ್ತವೆ. ಶಿಂಷಾ ದಕ್ಷಿಣಕ್ಕೆ ಇಳಿದು ಕಾವೇರಿಯನ್ನು ಸೇರಿದರೆ, ಜಯಮಂಗಲಿ ಕೊರಟಗೆರೆ, ಮಧುಗಿರಿ ತಾಲ್ಲೂಕುಗಳನ್ನು ಹಾದು, ಆಂಧ್ರದ ಗಡಿ ದಾಟಿ ಹಿಂದೂಪುರದ ಕಡೆ ಉತ್ತರ ಪಿನಾಕಿನಿಯನ್ನು ಕೂಡುತ್ತದೆ. ಕೊರಟಗೆರೆ ಭಾಗದ ಸುವರ್ಣಮುಖಿ, ಗರುಡಾಚಲ ಹೊಳೆಗಳೂ ಈ ಜಾಲಕ್ಕೇ ಸೇರಿದವು. ಶಿರಾ ತಾಲ್ಲೂಕಿನಲ್ಲಿ ಅದೇ ಹೆಸರಿನ ಇನ್ನೊಂದು ಸುವರ್ಣಮುಖಿ ಇದೆ. ಅದು ಉತ್ತರಕ್ಕೆ ಹರಿದು ಹಿರಿಯೂರಿನ ಬಳಿ ವೇದಾವತಿಗೆ ಸೇರಿ ಕೃಷ್ಣಾ ಕಣಿವೆಯ ಪಾಲಾಗುತ್ತದೆ. ಪಾವಗಡ ತಾಲ್ಲೂಕನ್ನು ಮೂರು ಕಡೆ ಆಂಧ್ರ ಸುತ್ತುವರಿದಿದೆ. ನಂದಿಬೆಟ್ಟದ ಕಡೆಯಿಂದ ಹೊರಟ ಉತ್ತರ ಪಿನಾಕಿನಿ ಹಿಂದೂಪುರವನ್ನು ಬಳಸಿ, ನಾಗಲಮಡಿಕೆಯ ಸುಬ್ರಹ್ಮಣ್ಯ ದೇವಾಲಯದ ಪಕ್ಕ ಕರ್ನಾಟಕದ ನೆಲವನ್ನು ಮತ್ತೆ ಮುಟ್ಟಿ ಆಂಧ್ರಕ್ಕೆ ಮರಳುತ್ತದೆ. ಹೀಗೆ ಕಾವೇರಿ, ಪೆನ್ನಾರ್ (ಉತ್ತರ ಪಿನಾಕಿನಿ), ಕೃಷ್ಣಾ ಎಂಬ ಮೂರು ಕಣಿವೆಗಳ ಗಡಿಗಳು ಈ ಗುಡ್ಡಗಳ ನೆತ್ತಿಯಲ್ಲೋ ಅವುಗಳ ಅಂಚಿನಲ್ಲೋ ಹಾದುಹೋಗುತ್ತವೆ.

ಇವು ಮಳೆಗಾಲದ ಹೊಳೆಗಳು. ವರ್ಷದ ಬಹುಪಾಲು ಮರಳು ಮಾತ್ರ ಕಾಣುತ್ತದೆ. ನೀರು ಅದರ ಕೆಳಗೆ ಇರುತ್ತದೆ. ಜಯಮಂಗಲಿಯ ಅಗಲವಾದ ಮರಳಿನ ಪಾತ್ರವೇ ದಂಡೆಯ ತೋಟಗಳ ಕಣಜವಾಗಿತ್ತು. ಮರಳಿನಲ್ಲಿ ಗುಂಡಿ ತೋಡಿದರೆ ನೀರು ಒಸರುತ್ತಿತ್ತು. ಕಾಲುವೆ ತೆಗೆದರೆ ತೋಟದವರೆಗೂ ಹರಿಯುತ್ತಿತ್ತು. ಬೆಂಗಳೂರಿನ ಕಟ್ಟಡಗಳಿಗಾಗಿ ಲಾರಿಗಟ್ಟಲೆ ಮರಳು ಹೋದ ಮೇಲೆ ಆ ಕಣಜ ಬರಿದಾಯಿತು. ಮರಳು ಹೋದ ಪಾತ್ರದಲ್ಲಿ ಜೇಡಿ ಮತ್ತು ಬಂಡೆ ಉಳಿಯುತ್ತವೆ. ಮಳೆ ಬಂದರೆ ನೀರು ಇಂಗದೆ ಓಡಿಹೋಗುತ್ತದೆ. ಈ ಸೀಮೆಯ ನೀರಿಗೆ ಬಿದ್ದ ಪೆಟ್ಟುಗಳಲ್ಲಿ ಕೊಳವೆಬಾವಿಯ ನಂತರ ಇದೇ ಅತಿ ದೊಡ್ಡದು.

ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿ ಮಹಾಲಕ್ಷ್ಮಿ ಕ್ಷೇತ್ರದ ಸಮೀಪ ಜಯಮಂಗಲಿಗೆ ಕಟ್ಟಿರುವ ತೀತಾ ಜಲಾಶಯ ಈ ಹೊಳೆಯ ಮುಖ್ಯ ಸಂಗ್ರಹ. ಕೆಳಗೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ 2007ರಲ್ಲಿ ಘೋಷಣೆಯಾದ ಕೃಷ್ಣಮೃಗ ಸಂರಕ್ಷಿತ ಪ್ರದೇಶಕ್ಕೂ ಹೊಳೆಯ ಹೆಸರನ್ನೇ ಇಟ್ಟಿದ್ದಾರೆ.

ಈ ಹೊಳೆಗಳಿಗೆ ಇನ್ನೊಂದು ಕಟ್ಟು ಕಾನೂನಿನದು. 1892ರಲ್ಲಿ ಮೈಸೂರು ಮತ್ತು ಮದರಾಸು ಸರ್ಕಾರಗಳು ಮಾಡಿಕೊಂಡ ಒಪ್ಪಂದದಲ್ಲಿ ಉತ್ತರ ಪಿನಾಕಿನಿ, ವೇದಾವತಿಗಳೂ ಪಟ್ಟಿಯಲ್ಲಿದ್ದವು. ಅವುಗಳ ಮೇಲೆ ಹೊಸ ನೀರಾವರಿ ಕಟ್ಟೆ ಹಾಕಬೇಕಾದರೆ ಮೈಸೂರು ಮದರಾಸಿನ ಒಪ್ಪಿಗೆ ಪಡೆಯಬೇಕಿತ್ತು. ನೀರಿನ ತಲೆಯಲ್ಲಿದ್ದೂ ಕೆಳಗಿನವರ ಮಾತು ಕೇಳಬೇಕಾದ ಸ್ಥಿತಿ ಇದರಿಂದ ಬಂತು. ದೋಣಿ ಸಂಚಾರದ ಕಾನೂನಿನಲ್ಲೂ ಈ ಹೊಳೆಗಳಿಗೆ ಪಾಲಿಲ್ಲ: 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆ ದೇಶದ 111 ಜಲಮಾರ್ಗಗಳನ್ನು ಹೆಸರಿಸಿತು. ಆ ಪಟ್ಟಿಯಲ್ಲಿ ಪೆನ್ನಾರ್ ಇದೆ, ಆದರೆ ಅದು ಸಮುದ್ರ ಸೇರುವ ನೆಲ್ಲೂರಿನ ಕಡೆಯ ತುಂಡು. ನಾಗಲಮಡಿಕೆಯ ಮರಳಿಗೂ ಆ ಜಲಮಾರ್ಗಕ್ಕೂ ನಡುವೆ ಇಡೀ ರಾಯಲಸೀಮೆ ಇದೆ.

ಕೆರೆ ಮತ್ತು ಅದರ ಮಂದಿ

ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿದ್ದ ಸ್ಯಾಂಕಿ, ಈ ಸಂಸ್ಥಾನದಲ್ಲಿ ಹೊಸ ಕೆರೆಗೆ ಜಾಗ ಹುಡುಕುವುದೇ ಬಹಳ ಜಾಣ್ಮೆಯ ಕೆಲಸ ಎಂಬರ್ಥದ ಮಾತು ಬರೆದಿದ್ದರು. ಒಂದು ಹಳ್ಳದ ಗುಂಟ ಮೇಲಿನಿಂದ ಕೆಳಗೆ ಕೆರೆಗಳ ಸಾಲು. ಮೇಲಿನ ಕೆರೆ ಕೋಡಿ ಬಿದ್ದರೆ ಅದರ ನೀರು ಕೆಳಗಿನ ಕೆರೆಗೆ. ಕೊರಟಗೆರೆ, ತೋವಿನಕೆರೆ, ಅಕ್ಕಿರಾಂಪುರ, ಹೊಳವನಹಳ್ಳಿ, ಮಧುಗಿರಿಯ ಬಿಜವರ, ಸಿದ್ದಾಪುರ, ಶಿರಾದ ದೊಡ್ಡಕೆರೆ, ಕಳ್ಳಂಬೆಳ್ಳ, ಮದಲೂರು ಹೀಗೆ ಊರುಗಳ ನೆನಪು ಕೆರೆಯ ನೆನಪಿನೊಂದಿಗೇ ಬರುತ್ತದೆ. ಶಿರಾ 1687ರಿಂದ 1757ರವರೆಗೆ ಮೊಗಲರ ಸುಬಾದ ರಾಜಧಾನಿಯಾಗಿತ್ತು. ಕೋಟೆಯ ಕಂದಕಕ್ಕೂ, ಬೆಂಗಳೂರಿನ ಲಾಲ್‌ಬಾಗಿಗೆ ಮಾದರಿಯಾಯಿತೆಂದು ಹೇಳುವ ಅಲ್ಲಿನ ಖಾನ್‌ಬಾಗ್ ತೋಟಕ್ಕೂ ನೀರು ಇದೇ ಬಯಲಿನದು.

ಕೆರೆ ಎಂದರೆ ನೀರು ನಿಂತ ಜಾಗ ಮಾತ್ರವೆಂದು ತಿಳಿದರೆ ಅರ್ಧವಷ್ಟೇ ತಿಳಿದಂತೆ. ಏರಿ, ತೂಬು, ಕೋಡಿ, ಅಂಗಳ, ಅಚ್ಚುಕಟ್ಟು ಐದೂ ಸೇರಿ ಕೆರೆ. ಪ್ರತಿಯೊಂದಕ್ಕೂ ಜವಾಬ್ದಾರರು ಇದ್ದರು. ಹಳ್ಳಿಯ ಆಯಗಾರರಲ್ಲಿ ಒಬ್ಬನಾದ ನೀರುಗಂಟಿ ತೂಬು ಎತ್ತಿ, ಕೆರೆ ಹಿಂದಿನ ಗದ್ದೆಗಳಿಗೆ ಸರದಿಯಂತೆ ನೀರು ಬಿಡುತ್ತಿದ್ದ. ಸುಗ್ಗಿಯಲ್ಲಿ ಪ್ರತಿ ಕಣದಿಂದ ಅವನಿಗೆ ಧಾನ್ಯದ ಪಾಲು. ತನ್ನ ಗದ್ದೆಗೆ ತಾನೇ ಮಡೆ ಕಡಿದುಕೊಳ್ಳುವ ಹಕ್ಕು ಊರಿನ ದೊಡ್ಡ ರೈತನಿಗೂ ಇರಲಿಲ್ಲ. ಏರಿ ದುರಸ್ತಿ ಮಾಡಿಸಿದವರಿಗೆ, ಕೆರೆ ಕಟ್ಟಿಸಿದವರಿಗೆ ಕಟ್ಟುಕೊಡಗೆ, ದಸಬಂದ ಎಂಬ ಮಾನ್ಯ ಭೂಮಿ ಸಿಗುತ್ತಿತ್ತು. ಬೇಸಿಗೆಯಲ್ಲಿ ಅಂಗಳ ಒಣಗಿದಾಗ ಗಾಡಿ ಕಟ್ಟಿ ಗೋಡು ಹೊತ್ತು ಹೊಲಕ್ಕೆ ಹಾಕುತ್ತಿದ್ದರು. ಕೆರೆಯ ಹೂಳೂ ಹೋಯಿತು, ಹೊಲಕ್ಕೆ ಸಾರವೂ ಸೇರಿತು. ಕುಂಬಾರ ಇದೇ ಅಂಗಳದ ಮಣ್ಣಿಗೆ ಬರುತ್ತಿದ್ದ. ಅಗಸರ ಬಂಡೆ ಒಂದು ಮೂಲೆಯಲ್ಲಿ, ದನ ಇಳಿಯುವ ಇಳಿಜಾರು ಇನ್ನೊಂದು ಕಡೆ, ಕುಡಿಯುವ ನೀರಿನ ಬಾವಿ ಏರಿಯ ಕೆಳಗೆ.

ಈಗ 40 ಹೆಕ್ಟೇರ್‌ಗಿಂತ ದೊಡ್ಡ ಅಚ್ಚುಕಟ್ಟಿನ ಕೆರೆಗಳು ಸಣ್ಣ ನೀರಾವರಿ ಇಲಾಖೆಗೆ, ಚಿಕ್ಕವು ಪಂಚಾಯತಿ ವ್ಯವಸ್ಥೆಗೆ ಸೇರಿವೆ. ಅಂಗಳದಲ್ಲಿ ಬಳ್ಳಾರಿ ಜಾಲಿ ಬೆಳೆದಿದೆ, ನೀರು ಬರುವ ಹಳ್ಳಗಳು ಒತ್ತುವರಿಯಾಗಿವೆ. ಕೆರೆ ತುಂಬದಿರುವುದಕ್ಕೆ ಮಳೆಯೊಂದನ್ನೇ ದೂರುವುದು ಸರಿಯಲ್ಲ. 2022ರ ಮಳೆಗಾಲ ಅದನ್ನು ತೋರಿಸಿಕೊಟ್ಟಿತು. ಆ ವರ್ಷ ಜಿಲ್ಲೆಯ ಎಷ್ಟೋ ಕೆರೆಗಳು ಬಹುಕಾಲದ ನಂತರ ಕೋಡಿ ಬಿದ್ದವು, ಜಯಮಂಗಲಿ ದಡ ಮೀರಿ ಹರಿಯಿತು. ನೀರಿನ ಹಾದಿ ಮುಚ್ಚಿಹೋದ ಕಡೆ ಮಾತ್ರ ಪಕ್ಕದ ಹೊಲ ಮುಳುಗಿತೇ ಹೊರತು ಕೆರೆಗೆ ನೀರು ತಲುಪಲಿಲ್ಲ.

ಕೆರೆ ಕೋಡಿ ಬಿದ್ದ ದಿನ ಊರಿಗೆ ಹಬ್ಬ. ಹೆಂಗಸರು ಅರಿಶಿನ, ಕುಂಕುಮ, ಬಳೆ, ಧಾನ್ಯ ತುಂಬಿದ ಮೊರದ ಬಾಗಿನವನ್ನು ಗಂಗಮ್ಮನಿಗೆ ಬಿಡುತ್ತಾರೆ. ಕೋಡಿಯ ಕೆಳಗೆ ಮೊಣಕಾಲುದ್ದದ ನೀರಿನಲ್ಲಿ ಹುಡುಗರು ಪಂಚೆಯನ್ನೋ ಸೊಳ್ಳೆಪರದೆಯನ್ನೋ ಅಡ್ಡ ಹಿಡಿದು ನಿಲ್ಲುತ್ತಾರೆ. ನೀರಿಗೆ ಎದುರಾಗಿ ಏರುವ ಮೀನುಗಳು ಜಾರಿ ಅದರೊಳಗೆ ಬೀಳುತ್ತವೆ. ಬಾಗಿನ ಬಿಡಲು ಶಾಸಕರು, ಸಚಿವರು ಬರುವುದೂ ಈಗ ವಾಡಿಕೆ.

ಶಿರಾ ತಾಲ್ಲೂಕಿನ ಕಗ್ಗಲಡು ಗ್ರಾಮದಲ್ಲಿ ಕೆರೆಯ ಇನ್ನೊಂದು ಲೆಕ್ಕ ಸಿಗುತ್ತದೆ. ಊರೊಳಗಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆ, ಬೂದು ಬಕಗಳು ಗೂಡು ಕಟ್ಟುತ್ತವೆ. ಮರಿಗಳಿಗೆ ಮೀನು ತರುವುದು ಸುತ್ತಲಿನ ಕೆರೆಗಳಿಂದ. ಹಿಕ್ಕೆಯ ವಾಸನೆ, ಹುಣಸೆ ಫಸಲಿನ ನಷ್ಟ ಎಲ್ಲವನ್ನೂ ಸಹಿಸಿ ಊರವರು ಅವುಗಳನ್ನು ಕಾಯುತ್ತಾ ಬಂದಿದ್ದಾರೆ. ಸುತ್ತಲ ಕೆರೆಗಳಲ್ಲಿ ನೀರಿಲ್ಲದ ವರ್ಷ ಹಕ್ಕಿಗಳ ಸಂಖ್ಯೆ ಇಳಿಯುತ್ತದೆ.

ತೆಪ್ಪ, ಹರಿಗೋಲು, ಮೀನು

ಬಿದಿರ ಸೀಳುಗಳನ್ನು ದುಂಡಗೆ ಹೆಣೆದು, ಹೊರಗೆ ಚರ್ಮ ಹೊದಿಸಿ ಮಾಡುವ ಹರಿಗೋಲು ಕನ್ನಡನಾಡಿನ ಹಳೆಯ ದೋಣಿ. ವಿಜಯನಗರ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ 1520ರ ಸುಮಾರಿನಲ್ಲಿ, ಬುಟ್ಟಿಯಂತಹ ಆ ದೋಣಿಗಳಲ್ಲಿ ಹದಿನೈದು ಇಪ್ಪತ್ತು ಜನ, ಬೇಕಾದರೆ ಕುದುರೆ ಎತ್ತುಗಳೂ ಆನೆಗೊಂದಿಯ ಕಡೆ ಹೊಳೆ ದಾಟುತ್ತಿದ್ದುದನ್ನು ಬರೆದಿದ್ದಾನೆ. ತುಂಗಭದ್ರೆಯಂತಹ ಹೊಳೆಗೆ ಹುಟ್ಟಿದ ಆ ದೋಣಿ ಬಯಲುಸೀಮೆಯ ಕೆರೆಗೆ ಬಂದಾಗ ಪುಟ್ಟದಾಯಿತು. ಒಬ್ಬಿಬ್ಬರು ಕೂತು ಬಲೆ ಬಿಡುವಷ್ಟೇ ಅಗಲ. ಚರ್ಮದ ಬದಲು ಈಗ ಪ್ಲಾಸ್ಟಿಕ್ ಹಾಳೆ, ಗೋಣಿ, ಡಾಂಬರು. ನೀರು ಬತ್ತಿದರೆ ಅದನ್ನು ಬೋರಲಾಗಿಸಿ ಮನೆಯ ಪಕ್ಕ ಇಡುತ್ತಾರೆ.

ತೆಪ್ಪಕ್ಕೆ ಇಷ್ಟೂ ಖರ್ಚಿಲ್ಲ. ಬಾಳೆದಿಂಡು, ಬಿದಿರು, ಖಾಲಿ ಡ್ರಮ್ಮು, ಲಾರಿಯ ಟ್ಯೂಬು, ಥರ್ಮೋಕೋಲ್ ಹಲಗೆ, ತೇಲುವುದು ಏನು ಸಿಕ್ಕರೂ ಕಟ್ಟಿಬಿಡಬಹುದು. ಮೀನು ಹಿಡಿಯುವವರು ಸಂಜೆ ಬಲೆ ಬಿಟ್ಟು ಬೆಳಗಿನ ಜಾವ ಎತ್ತುತ್ತಾರೆ. ತೆಪ್ಪದ ಮೇಲೆ ಮಂಡಿಯೂರಿ, ಎರಡೂ ಕೈಯಲ್ಲಿ ಹಲಗೆಯ ತುಂಡು ಹಿಡಿದು ನೀರು ತಳ್ಳುತ್ತಾ ಹೋಗಿ, ಬಲೆಯ ದಾರವನ್ನು ಬೆರಳಲ್ಲಿ ತಡಕುತ್ತಾ, ಸಿಕ್ಕಿದ ಮೀನನ್ನು ಕಿವಿರಿಗೆ ಗಾಯವಾಗದಂತೆ ಬಿಡಿಸಿ ಚೀಲಕ್ಕೆ ಹಾಕುತ್ತಾರೆ. ತೆಪ್ಪದ ಮೇಲೆ ಎದ್ದು ನಿಲ್ಲುವಂತಿಲ್ಲ. ನೀರಿನಡಿಯ ಜಾಲಿ ಮುಳ್ಳಿಗೆ ಬಲೆ ಸಿಕ್ಕಿಕೊಂಡರೆ ಎಳೆಯುವಂತೆಯೂ ಇಲ್ಲ, ಇಳಿದೇ ಬಿಡಿಸಬೇಕು. ಕೆರೆಯಲ್ಲಿ ಪ್ರಾಣ ಹೋಗುವ ಅನಾಹುತಗಳಿಗೆ ಈ ಮುಳ್ಳೂ ಹೂಳೂ ಕಾರಣವಾಗುತ್ತವೆ. ಇಷ್ಟು ಅಪಾಯದ ಕೆಲಸಕ್ಕೆ ಜೀವರಕ್ಷಕ ಜಾಕೆಟ್ ಕೂಡ ಇಲ್ಲದಿರುವುದು ದೊಡ್ಡ ಕೊರತೆ, ಮತ್ತು ಸುಲಭವಾಗಿ ತುಂಬಬಹುದಾದ ಕೊರತೆ.

ಮೀನುಗಾರಿಕೆ ಹಿಂದಿನಿಂದ ಬೆಸ್ತರ, ಗಂಗಾಮತಸ್ಥರ ಕಸುಬು. ಈಗ ಕೆರೆಗಳನ್ನು ಮೀನುಗಾರಿಕೆ ಇಲಾಖೆ ಅಥವಾ ಪಂಚಾಯತಿ ಗುತ್ತಿಗೆಗೆ ಕೊಡುತ್ತದೆ. ಮೀನುಗಾರರ ಸಹಕಾರ ಸಂಘಗಳು ಕಾಟ್ಲಾ, ರೋಹು, ಮೃಗಾಲ್, ಗೆಂಡೆ ಮರಿಗಳನ್ನು ಬಿಟ್ಟು ಸಾಕುತ್ತವೆ. ಬಿಟ್ಟ ಮರಿ ಮಾರಾಟಕ್ಕೆ ಬರುವಷ್ಟು ದೊಡ್ಡದಾಗಲು ಹಲವು ತಿಂಗಳು ನೀರು ನಿಲ್ಲಬೇಕು. ಬೇಗ ಬತ್ತುವ ಪಾವಗಡದ ಕೆರೆಗಳಲ್ಲಿ ಇದು ಜೂಜೇ ಸರಿ. ಹಳೆಯ ಕಾಡುಮೀನುಗಳಾದ ಕೊರವ, ಚೇಳುಮೀನುಗಳು ಕೆಸರಲ್ಲೂ ಜೀವ ಹಿಡಿಯುತ್ತಿದ್ದವು. ಅವುಗಳ ಜಾಗದಲ್ಲಿ ಜಿಲೇಬಿ ಮೀನು ತುಂಬಿಕೊಂಡಿದೆ. ಬೇಸಿಗೆಯಲ್ಲಿ ಕೆರೆ ಕೆಸರಾದಾಗ ಬೀಸುಬಲೆ, ಕೂಳಿ, ಬರಿಗೈ ಹಿಡಿದು ಊರೇ ಇಳಿಯುತ್ತದೆ.

ಗೌರಿಗಣೇಶ ಹಬ್ಬದಲ್ಲಿ ಗಣಪತಿಯನ್ನು ತೆಪ್ಪದ ಮೇಲಿಟ್ಟು ನಡುನೀರಿಗೆ ಒಯ್ದು ಬಿಡುವ ಪದ್ಧತಿ ಇದೆ. ಈಜು ಕಲಿಯುವ ಮಕ್ಕಳಿಗೆ ಮೊದಲು ಸೋರೆಬುರುಡೆ ಕಟ್ಟುತ್ತಿದ್ದರು, ಈಗ ಎಣ್ಣೆಯ ಕ್ಯಾನು.

ತಲಪರಿಗೆ

ಕೊರಟಗೆರೆಯಿಂದ ಹಿರಿಯೂರು, ಮೊಳಕಾಲ್ಮೂರಿಗೆ ಒಂದು ಗೆರೆ ಎಳೆದರೆ ಅದರ ಪೂರ್ವದ ಗಡಿನಾಡೆಲ್ಲ ತಲಪರಿಗೆಯ ಸೀಮೆ ಎಂದು ರೈಸ್ ಅವರ ಗೆಜೆಟಿಯರ್ ಹೇಳುತ್ತದೆ. ದಕ್ಷಿಣದ ಭಾಗದಲ್ಲಿ ಅವು ಹತ್ತಿರ ಹತ್ತಿರ ಸಿಗುತ್ತವೆ. ಉತ್ತರಕ್ಕೆ ಹೋದಂತೆ ನೀರು ಅಷ್ಟು ಹೇರಳವಲ್ಲ. ನಾಲ್ಕು ತಾಲ್ಲೂಕುಗಳನ್ನೂ ಒಂದುಗೂಡಿಸುವ ಜಲಪರಂಪರೆ ಯಾವುದೆಂದು ಕೇಳಿದರೆ ಉತ್ತರ ಇದೇ.

ನೆಲದಡಿ ಗಟ್ಟಿ ಕಗ್ಗಲ್ಲು, ಅದರ ಮೇಲೆ ಗರಸು, ಮರಳು, ಕೆಂಪುಮಣ್ಣು. ಮೇಲ್ಭಾಗದ ಹೊಲಗಳಲ್ಲಿ ಇಂಗಿದ ಮಳೆನೀರು ಬಂಡೆಯನ್ನು ಮುಟ್ಟಿ, ಅದರ ಇಳಿಜಾರಿನಲ್ಲಿ ನಿಧಾನವಾಗಿ ಜಾರಿ ತಗ್ಗಿಗೆ ಬರುತ್ತದೆ. ಎಲ್ಲಿ ನೆಲ ಸದಾ ಹಸಿಯಾಗಿರುತ್ತದೋ, ಎಲ್ಲಿ ಹೊಂಗೆ, ನೇರಳೆ, ಜೊಂಡು ಬೇಸಿಗೆಯಲ್ಲೂ ಹಸಿರಾಗಿರುತ್ತವೋ ಅಲ್ಲಿ ಕೆಲವೇ ಅಡಿ ಅಗೆದರೆ ಊಟೆ ಸಿಗುತ್ತದೆ. ಆ ಗುಂಡಿಯನ್ನು ಅಗಲಿಸಿ, ಸುತ್ತ ಕಲ್ಲು ಕಟ್ಟಿ, ತಗ್ಗಿನ ಕಡೆಗೆ ಸಣ್ಣ ಕಾಲುವೆ ತೆಗೆದರೆ ತಲಪರಿಗೆ ಸಿದ್ಧ. ನೀರು ತನ್ನ ಭಾರಕ್ಕೇ ಹೊಲಕ್ಕೆ ಹರಿಯುತ್ತದೆ. ಮಟ್ಟ ಸಾಲದ ಕಡೆ ಪಕ್ಕದಲ್ಲಿ ಬಾವಿ ತೋಡಿ ಕಪಿಲೆ ಕಟ್ಟುತ್ತಿದ್ದರು: ಎತ್ತುಗಳು ಇಳಿಜಾರಿನಲ್ಲಿ ಹಿಂದುಮುಂದಾಗಿ ನಡೆದಂತೆ ಚರ್ಮದ ಬಾನಿ ಇಳಿದು ತುಂಬಿ ಮೇಲೆ ಬಂದು ದೋಣಿಗೆ ನೀರು ಸುರಿಯುತ್ತಿತ್ತು.

ತಲಪರಿಗೆಯ ನಿಜವಾದ ಹೆಚ್ಚುಗಾರಿಕೆ ಅದರ ಕಟ್ಟುಪಾಡಿನಲ್ಲಿದೆ. ಅದು ಯಾರೊಬ್ಬರ ಸ್ವತ್ತಲ್ಲ. ಕೆಳಗಿನ ಜಮೀನುದಾರರು ಸರದಿಯ ಮೇಲೆ ನೀರು ಪಡೆಯುತ್ತಾರೆ. ವರ್ಷಕ್ಕೊಮ್ಮೆ ಪ್ರತಿ ಮನೆಯಿಂದ ಆಳು ಬಂದು ಹೂಳು, ಪಾಚಿ, ಬೇರು ತೆಗೆದು ಕಾಲುವೆ ಸರಿಮಾಡಬೇಕು. ಊಟೆಯಿಂದ ಬರುವಷ್ಟೇ ನೀರು, ಅದಕ್ಕೆ ತಕ್ಕ ಬೆಳೆ. ದನಕರು, ದಾರಿಹೋಕರು, ಕಾಡುಪ್ರಾಣಿಗಳಿಗೆ ಅಡ್ಡಿಯಿಲ್ಲ. ಕೆರೆ ಬತ್ತಿದ ಮೇಲೂ ತಲಪರಿಗೆಯಲ್ಲಿ ನೀರು ಸಿಗುತ್ತಿದ್ದುದರಿಂದ ಬರದ ವರ್ಷಗಳಲ್ಲಿ ಊರು ಬಿಡದೆ ಉಳಿದ ಕುಟುಂಬಗಳು ಎಷ್ಟೋ. ತುಮಕೂರಿನ ಕೃಷಿ ಬರಹಗಾರ ಮಲ್ಲಿಕಾರ್ಜುನ ಹೊಸಪಾಳ್ಯ ಅವರು ಊರೂರು ಸುತ್ತಿ ಈ ತಲಪರಿಗೆಗಳನ್ನೂ ಅವುಗಳ ಕಟ್ಟಳೆಗಳನ್ನೂ ದಾಖಲಿಸಿದ್ದಾರೆ. ಜಿಲ್ಲೆಗೆ ಇದೊಂದು ದೊಡ್ಡ ಉಪಕಾರ. ಈ ವಿದ್ಯೆ ಬಹುಮಟ್ಟಿಗೆ ಬಾಯಿಮಾತಿನಲ್ಲೇ ಇತ್ತು.

ಕೊಳವೆಬಾವಿ ಬಂದ ಮೇಲೆ ಊಟೆಗಳು ನಿಂತವು. ನೂರಾರು ಅಡಿ ಆಳದಿಂದ ಒಬ್ಬ ರೈತ ನೀರೆತ್ತಿದಾಗ ಮೇಲಿನ ಪದರ ಒಣಗುತ್ತದೆ, ಸರದಿಗೆ ಕಾಯುವವರಿಗೆ ಏನೂ ಉಳಿಯುವುದಿಲ್ಲ. ಅಡಿಕೆ ತೋಟ ಶಿರಾ, ಕೊರಟಗೆರೆಯ ಒಳಗೂ ಹಬ್ಬಿದಂತೆ ಈ ಪೈಪೋಟಿ ಜೋರಾಯಿತು. ಅಂತರ್ಜಲದ ಅತಿಬಳಕೆಯ ಪಟ್ಟಿಯಲ್ಲಿ ಈ ಭಾಗದ ಹೆಸರು ಪದೇಪದೇ ಬರುತ್ತದೆ. ಆಳದ ನೀರಿನೊಂದಿಗೆ ಫ್ಲೋರೈಡ್ ಬಂತು. ಪಾವಗಡದ ಹಳ್ಳಿಗಳಲ್ಲಿ ಹಲ್ಲು ಕಂದಾಗುವುದು, ಮೂಳೆ ಬಾಗುವುದು ಒಂದು ತಲೆಮಾರಿನ ನೋವಾಯಿತು. ಬೇಸಾಯಕ್ಕೆ ನೀರು ಸಾಲದ ಈ ಸ್ಥಿತಿಯಲ್ಲಿ, ಶೇಂಗಾ ಬೆಳೆಯುತ್ತಿದ್ದ ಪಾವಗಡದ ಖುಷ್ಕಿ ಜಮೀನಿನಲ್ಲಿ ಸುಮಾರು 13,000 ಎಕರೆಯನ್ನು ರೈತರಿಂದ ಗುತ್ತಿಗೆಗೆ ಪಡೆದು, ತಿರುಮಣಿಯ ಸುತ್ತ 2,050 ಮೆಗಾವಾಟ್‌ನ ಸೌರ ವಿದ್ಯುತ್ ಪಾರ್ಕ್ ಕಟ್ಟಲಾಯಿತು. ಜಮೀನು ಕೊಟ್ಟವರಿಗೆ ಮಳೆ ನೋಡದ ಆದಾಯ ಬಂತು. ಜಮೀನಿಲ್ಲದ ಕೂಲಿಯವರಿಗೆ ಹೊಲದ ಕೆಲಸ ಹೋಯಿತು.

ದೂರದ ನದಿಗಳು

ಸ್ಥಳೀಯ ನೀರು ಸಾಲದಾದಾಗ ಹೊರಗಿನ ನದಿಗಳ ಕಡೆ ಕಣ್ಣು ಹೋಯಿತು. ಗೊರೂರಿನ ಹೇಮಾವತಿ ನೀರು ತುಮಕೂರು ನಾಲೆಯಲ್ಲಿ ಸಾಗಿ ಕಳ್ಳಂಬೆಳ್ಳ ಕೆರೆಗೆ, ಅಲ್ಲಿಂದ ಶಿರಾ ದೊಡ್ಡಕೆರೆಗೆ ಬರುತ್ತದೆ. ಮಧುಗಿರಿ ಪಟ್ಟಣಕ್ಕೆ ಅದೇ ನೀರು ಪಡೆಯುವ ಸಿದ್ದಾಪುರ ಕೆರೆ ಆಸರೆ. ಕಾವೇರಿ ಕಣಿವೆಯ ಈ ಹೇಮಾವತಿ ನೀರು ಕೃಷ್ಣಾ ಕಣಿವೆಯ ಶಿರಾದ ಕೆರೆ ತುಂಬುವುದರಿಂದ ಪಾಲಿನ ಜಗಳ ಸಹಜ. ಮದಲೂರು ಕೆರೆಗೆ ನೀರು ಹರಿಸುವ ವಿಚಾರ 2020ರ ನವೆಂಬರ್‌ನ ಶಿರಾ ಉಪಚುನಾವಣೆಯ ಮುಖ್ಯ ಮಾತಾಯಿತು. ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಪ್ರಚಾರಕ್ಕೆ ಬಂದಾಗ ಕೆರೆ ತುಂಬಿಸುವ ಭರವಸೆ ಕೊಟ್ಟರು. ಒಂದು ಕೆರೆ ಚುನಾವಣೆಯ ಕೇಂದ್ರಕ್ಕೆ ಬಂದದ್ದು ಈ ಸೀಮೆಯಲ್ಲಿ ಯಾರಿಗೂ ಅಚ್ಚರಿ ತರಲಿಲ್ಲ.

ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಶಿರಾ, ಪಾವಗಡದ ಕೆರೆಗಳು ಸೇರಿವೆ. ಪಾವಗಡಕ್ಕೆ ಕುಡಿಯುವ ನೀರು ತುಂಗಭದ್ರಾ ಹಿನ್ನೀರಿನಿಂದ ಬರುವಂತೆ ಪೈಪು ಹಾಕಲಾಗಿದೆ. ಸಕಲೇಶಪುರದ ಘಟ್ಟದಲ್ಲಿ 24 ಟಿಎಂಸಿ ಹಿಡಿಯುವ ಲೆಕ್ಕದ ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್ 6ರಂದು ಉದ್ಘಾಟನೆಯಾಯಿತು. ಆ ನೀರಿಗಾಗಿ ಕೊರಟಗೆರೆ ತಾಲ್ಲೂಕಿನ ಬೈರಗೊಂಡ್ಲುವಿನಲ್ಲಿ ಜಲಾಶಯ ಕಟ್ಟುವ ಯೋಜನೆಗೆ, ಮುಳುಗಡೆಯಾಗುವ ಹಳ್ಳಿಗಳ ರೈತರು ಪರಿಹಾರದ ಪ್ರಶ್ನೆ ಎತ್ತಿ ವಿರೋಧ ತೋರಿದರು.

ನಾಲೆಯ ನೀರು ಕೆರೆಗೆ ಬರಬೇಕು, ಅದು ಈ ಜನರ ನ್ಯಾಯವಾದ ಹಕ್ಕು. ಆದರೆ ನಾಲೆಯೊಂದಿಗೆ ಹಂಚಿಕೆಯ ಕಟ್ಟಳೆ ಬರುವುದಿಲ್ಲ. 2022ರಲ್ಲಿ ಕೆರೆಗಳು ತುಂಬಿದಾಗ ಬಹುಕಾಲ ಒಣಗಿದ್ದ ತೆರೆದ ಬಾವಿಗಳಲ್ಲಿ ನೀರು ಮೇಲೆ ಬಂತು. ಮೇಲಿನ ಪದರ ಇನ್ನೂ ಜೀವಂತವಾಗಿದೆ ಎಂಬುದಕ್ಕೆ ಅದು ಸಾಕ್ಷಿ. ಕೆರೆ ತುಂಬಿಸುವ ಪ್ರತಿ ಯೋಜನೆಯಲ್ಲೂ ಅಚ್ಚುಕಟ್ಟಿನ ತಲಪರಿಗೆಗಳನ್ನು ಸರ್ವೆ ನಕ್ಷೆಯಲ್ಲಿ ಗುರುತಿಸಿ, ಊಟೆಯ ಸುತ್ತ ಹೊಸ ಕೊಳವೆಬಾವಿ ಕೊರೆಯದಂತೆ ತಡೆದು, ಹೂಳೆತ್ತುವ ಕೆಲಸವನ್ನು ಉದ್ಯೋಗ ಖಾತ್ರಿಯಂತಹ ಕೂಲಿ ಯೋಜನೆಗೆ ಸೇರಿಸುವುದು ಪಂಚಾಯತಿಗಳ ಕೈಯಳತೆಯಲ್ಲೇ ಇದೆ. ನೀರುಗಂಟಿಯ ಕೆಲಸಕ್ಕೆ ಸಂಬಳ ಗೊತ್ತುಮಾಡುವುದೂ ಹಾಗೆಯೇ.